ಮೂರು ಕೊಯ್ಲಿನ ಜೀಪು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಯ ಕೊಟ್ಟಿಗೆಯಲ್ಲೇ ಬಿಚ್ಚಿ, ತಿದ್ದಿ, ಮತ್ತೆ ಕಟ್ಟುವ ಹಳೆಯ ವಾಹನವೆಂದರೆ ಜೀಪು. ಇಂಗ್ಲೆಂಡಿನಲ್ಲಿ ಎರಡು ಸೀಟಿನ ಹಳೆ ಸ್ಪೋರ್ಟ್ಸ್ ಕಾರಿಗೆ ಇರುವ ಜಾಗ ಈ ಭಾಗದಲ್ಲಿ ಅದಕ್ಕಿದೆ. ತಲೆಯ ಮೇಲೆ ಬಟ್ಟೆಯ ಹುಡ್, ಕೆಳಗೆ ಗಡಸು ಪಟ್ಟಾ ಸ್ಪ್ರಿಂಗ್. ಪಳಗಿದ ಕೈಗೆ ಮಾತ್ರ ಒಗ್ಗುವ ಗಾಡಿ. ಸ್ಪೋರ್ಟ್ಸ್ ಕಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಉಪಯೋಗದಲ್ಲಿ. ಬೆಟ್ಟದ ಸೊಪ್ಪು, ಗೊಬ್ಬರ, ಅಡಿಕೆ ಚೀಲಗಳನ್ನೂ ಜೀಪು ಹೊರುತ್ತದೆ. ಅದಕ್ಕೆಂದೇ ಅದರ ಖರ್ಚು ತೋಟದ ಖರ್ಚಿನೊಳಗೆ ಸದ್ದಿಲ್ಲದೆ ಸೇರಿಹೋಗುತ್ತದೆ. ಮನೆಯಲ್ಲಿ ಜೀಪು ಕಟ್ಟುವವರು ಮಾಡಬೇಕಾದ ಮೊದಲ ಕೆಲಸ ಅದಕ್ಕೊಂದು ಪ್ರತ್ಯೇಕ ಲೆಕ್ಕಪುಸ್ತಕ ತೆರೆಯುವುದು.

ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲಾರಂಭಿಸಿತು. ಎತ್ತರದ ಬಾನೆಟ್ಟಿನ ಸಿಜೆ 3ಬಿ ದಶಕಗಳ ಕಾಲ ತಯಾರಾಯಿತು. 1980ರ ದಶಕದಲ್ಲಿ ಬಂದ ಎಂಎಂ 540ಕ್ಕೆ ಪ್ಯೂಜೊ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್ ಇತ್ತು. ಈ ವಂಶದ ಹೊಸ ಪೀಳಿಗೆಯಾಗಿ ಥಾರ್ 2010ರಲ್ಲಿ ಮಾರುಕಟ್ಟೆಗೆ ಇಳಿಯಿತು. ಮಲೆನಾಡಿನ ಕೊಟ್ಟಿಗೆಗಳಲ್ಲಿ ಈಗ ಹೆಚ್ಚಾಗಿ ಬಿಚ್ಚಿಕೊಂಡು ನಿಲ್ಲುವುದು ಡೀಸೆಲ್ ಜೀಪುಗಳೇ. ಬಿಡಿಭಾಗ ಸಿಗುತ್ತದೆ, ಎಂಜಿನ್ನಿನ ಒಳಗುಟ್ಟು ಊರಿನ ಮೆಕ್ಯಾನಿಕ್ಕಿಗೆ ಗೊತ್ತಿದೆ, ಕಂಪ್ಯೂಟರಿನ ಹಂಗಿಲ್ಲ.

ಆಸ್ತಿಯೋ, ಖರ್ಚೋ

ಹಳೆ ವಾಹನದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬೆಲೆ ಏರುವುದು ಮೂಲ ಎಂಜಿನ್, ಮೂಲ ಚಾಸಿ, ಸರಿಯಾದ ಕಾಗದ ಮೂರೂ ಉಳಿದಿರುವ ಅಪರೂಪದ ಗಾಡಿಗೆ. ದುಡಿದು ಸವೆದ ಜೀಪಿಗೆ ಹಾಕಿದ ಹಣ ಪೂರ್ತಿಯಾಗಿ ಮರಳುವುದಿಲ್ಲ. ಇಂಗ್ಲೆಂಡಿನ ಎಂಜಿಬಿ ಕಾರು 1962ರಿಂದ 1980ರವರೆಗೆ ತಯಾರಾಯಿತು. ಅದರ ಇಡೀ ಬಾಡಿ ಹೊಸದಾಗಿ ಕೊಳ್ಳಲು ಸಿಗುತ್ತದೆ. ಹಾಗಾಗಿ ಅಲ್ಲಿ ಕೆಲಸ ಶುರುವಾಗುವ ಮೊದಲೇ ದೊಡ್ಡ ಖರ್ಚಿನ ಅಂದಾಜು ಕೈಯಲ್ಲಿರುತ್ತದೆ. ಇಲ್ಲಿ ಜೀಪಿನ ಬಾಡಿಯನ್ನು ತಗಡು ಕತ್ತರಿಸಿ ಕೈಯಿಂದಲೇ ಬಡಿದು ಮಾಡುತ್ತಾರೆ. ಬಣ್ಣದ ಕೆಳಗೆ ಎಷ್ಟು ತುಕ್ಕು ಇದೆ ಎಂಬುದು ಕೆರೆಯುವವರೆಗೂ ತಿಳಿಯುವುದಿಲ್ಲ. ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಈ ಅನುಮಾನಕ್ಕೂ ಒಂದು ಬೆಲೆ ಇಡಬೇಕು. ಮೊದಲ ಅಂದಾಜಿನ ಮೇಲೆ ಅದರ ಅರ್ಧದಷ್ಟನ್ನಾದರೂ ಎತ್ತಿಟ್ಟುಕೊಳ್ಳುವುದು ವಿವೇಕ.

ಕೊಳ್ಳುವಾಗ ಕಾಗದ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಶಿರಸಿಯ ಸಾರಿಗೆ ಕಚೇರಿಯ ಗುರುತು ಕೆಎ 31. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ಲಘು ಮೋಟಾರು ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. 20 ವರ್ಷ ಮೀರಿದ ಗಾಡಿಗೆ 2025ರ ಆಗಸ್ಟ್‌ನ ತಿದ್ದುಪಡಿ ಅದನ್ನು 10,000ಕ್ಕೆ ಏರಿಸಿತು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಮೂರು ವರ್ಷ ನವೀಕರಿಸದೆ ಬಿಟ್ಟ ಜೀಪಿನ ಮೇಲೆ ಇದೊಂದೇ ಬಾಬ್ತಿನಲ್ಲಿ 18,000 ರೂಪಾಯಿ ಕುಳಿತಿರುತ್ತದೆ. ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ ಫಲಕದ ಖರ್ಚು ಬೇರೆ. ಕೊಳ್ಳುವ ಬೆಲೆ ಕುದುರಿಸುವಾಗ ಈ ಬಾಕಿಗಳನ್ನು ಕಳೆದೇ ಮಾತಾಡಬೇಕು.

ಹೆಸರು ಬದಲಾವಣೆಗೆ ನಮೂನೆ 29 ಮತ್ತು 30, ಬೇರೆ ಕಚೇರಿಯ ವ್ಯಾಪ್ತಿಯಿಂದ ಬಂದ ಗಾಡಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ, ಹಿಂದೆ ಸಾಲವಿದ್ದರೆ ಅದು ತೀರಿದ್ದಕ್ಕೆ ನಮೂನೆ 35 ಬೇಕು. ಚಾಸಿ ನಂಬರನ್ನು ತುಕ್ಕು ಕೆರೆದು ಕಣ್ಣಾರೆ ಓದಿ, ಆರ್‌ಸಿಯೊಂದಿಗೆ ತಾಳೆ ನೋಡದೆ ಮುಂಗಡ ಕೊಡಬಾರದು. ಆ ನಂಬರು ತಾಳೆಯಾಗದ ಜೀಪು ಎಷ್ಟೇ ಅಗ್ಗವಾಗಿ ಸಿಕ್ಕರೂ ಗುಜರಿಯ ಬೆಲೆಯದ್ದೇ.

50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂತು. ಹೊಸದಾಗಿ ಮಾಡಿಸಲು 20,000 ರೂಪಾಯಿ, ನವೀಕರಣಕ್ಕೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಸೊಪ್ಪು ತರಬೇಕಾದ ಜೀಪಿಗೆ ಅದು ಹೊಂದುವುದಿಲ್ಲ.

ಹಣ ಬರುವ ಕಾಲ, ಬಿಡುವಿನ ಕಾಲ

ಅಡಿಕೆ ಮನೆಯಲ್ಲಿ ಹಣ ಮತ್ತು ಬಿಡುವು ಒಟ್ಟಿಗೆ ಬರುವುದಿಲ್ಲ. ಕೊನೆಕೊಯ್ಲು ನವೆಂಬರಿನ ಸುಮಾರಿಗೆ ಶುರು. ಬೇಯಿಸಿದ ಕೆಂಪಡಿಕೆ ಮೊದಲು ಮಾರಾಟಕ್ಕೆ ಬರುತ್ತದೆ; ಅಂಗಳದಲ್ಲಿ ವಾರಗಟ್ಟಲೆ ಒಣಗಿದ ಚಾಲಿ ಬೇಸಿಗೆಯ ಹೊತ್ತಿಗೆ ಸಿದ್ಧವಾಗುತ್ತದೆ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ಅಡಿಕೆ ಮಾರಾಟದ ಸಹಕಾರ ಸಂಘ ಟಿಎಸ್‌ಎಸ್‌ನ ವಖಾರಿಯಲ್ಲಾಗಲಿ, ಸಿದ್ದಾಪುರ, ಯಲ್ಲಾಪುರದ ಇಂಥದೇ ಸಂಘಗಳಾದ ಟಿಎಂಎಸ್‌ಗಳಲ್ಲಾಗಲಿ ಟೆಂಡರ್ ಆಗಿ ಹಣ ಕೈಸೇರುವುದು ಈ ತಿಂಗಳುಗಳಲ್ಲಿ. ಆಗ ಕೊಟ್ಟಿಗೆಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ. ಪುರುಸೊತ್ತು ಸಿಗುವುದು ಮಳೆಗಾಲದಲ್ಲಿ, ಕೊಳೆಮದ್ದಿನ ಎರಡು ಸುತ್ತಿನ ನಡುವೆ. ಅಷ್ಟರಲ್ಲಿ ಕೈಯಲ್ಲಿದ್ದ ಹಣ ಮೈಲುತುತ್ತಕ್ಕೆ, ಕೂಲಿಗೆ, ಮಕ್ಕಳ ಫೀಸಿಗೆ ಹೋಗಿರುತ್ತದೆ.

ಜೀಪಿನ ಯೋಜನೆಯನ್ನು ಈ ಪಂಚಾಂಗಕ್ಕೆ ಹೊಂದಿಸಬೇಕು. ಬಿಡಿಭಾಗವನ್ನು ಬೇಸಿಗೆಯಲ್ಲೇ ಕೊಂಡಿಟ್ಟು, ಬಿಚ್ಚಿ ಜೋಡಿಸುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಕು. ಬಣ್ಣಕ್ಕೆ ಮಾತ್ರ ಒಣ ಹವೆಯೇ ಬೇಕು. ಗಾಳಿಯಲ್ಲಿ ತೇವವಿದ್ದರೆ ಹೊಡೆದ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ, ಹೊಳಪು ಏಳುವುದಿಲ್ಲ. ಮಳೆಗಾಲದ ನಡುವೆ ಒಂದು ಪಾರ್ಟ್ ಬೇಕೆಂದು, ದರ ಕಾಯುತ್ತಿದ್ದ ಚಾಲಿಯನ್ನು ಅವಸರದಲ್ಲಿ ಮಾರಿದರೆ, ಆಮೇಲೆ ದರ ಏರಿದಾಗ ತಪ್ಪಿಹೋದ ಹಣವೂ ಜೀಪಿನ ಖಾತೆಗೇ ಸೇರಬೇಕು.

ಇಡೀ ಕೆಲಸವನ್ನು ಒಂದೇ ಕೊಯ್ಲಿನ ಹಣದಲ್ಲಿ ಮುಗಿಸಲು ಹೊರಟರೆ ಸಾಲ ಆಗುತ್ತದೆ, ಇಲ್ಲವೇ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮೂರು ಕೊಯ್ಲಿಗೆ ಹಂಚಿಕೊಂಡರೆ ಎರಡೂ ತಪ್ಪುತ್ತವೆ.

ಕೆಲಸದ ಸರದಿ

ಮೊದಲ ವರ್ಷ ಚಾಸಿ, ಬ್ರೇಕು, ಸ್ಟೇರಿಂಗ್. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟ. ಇಲ್ಲಿ ಇಳಿಯುವ ಗಾಡಿಗೆ ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಹಳೆ ಜೀಪಿನ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಹಳ್ಳ ದಾಟಿದ ಮೇಲೆ ಲೈನರ್ ಒದ್ದೆಯಾಗಿ ಹಿಡಿತ ತಪ್ಪುತ್ತದೆ. ಉದ್ದ ಇಳಿಜಾರಿನಲ್ಲಿ ಕಾದರೂ ಹಾಗೆಯೇ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ಲೈನರ್ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಒಂದೊಂದಾಗಿ ಬದಲಿಸುವುದಕ್ಕಿಂತ ಅಗ್ಗ, ಏಕೆಂದರೆ ಪ್ರತಿ ಸಲವೂ ಗಾಲಿ ಬಿಚ್ಚಿ ಆಯಿಲ್ ತುಂಬಿ ಗಾಳಿ ತೆಗೆಯುವ ಶ್ರಮ ಅಷ್ಟೇ. ಸವೆದ ಕಿಂಗ್ ಪಿನ್ನು ಸ್ಟೇರಿಂಗನ್ನು ನಡುಗಿಸುತ್ತದೆ. ಅದನ್ನೂ ಈ ಸುತ್ತಿನಲ್ಲೇ ಮುಗಿಸಬೇಕು.

ಎರಡನೆಯ ವರ್ಷ ಎಂಜಿನ್, ತಗಡಿನ ಕೆಲಸ, ವೈರಿಂಗ್. ಲೈನರ್, ಪಿಸ್ಟನ್, ರಿಂಗು, ನಾಜಲ್, ಪಂಪು ಇವೆಲ್ಲ ಮನೆಯಲ್ಲಿ ಮುಗಿಯುವ ಕೆಲಸವಲ್ಲ. ಎಂಜಿನ್ ಇಳಿಸಿ ಬಿಚ್ಚಿ ತೊಳೆಯುವುದು ಕೊಟ್ಟಿಗೆಯಲ್ಲಾದೀತು. ಅಳತೆ ಬೇಡುವ ಕೆಲಸ ಲೇತಿನವರದು, ಪಂಪಿನದು ಡೀಸೆಲ್ ಪಂಪ್ ರಿಪೇರಿಯವರದು. ಹಳೆ ವೈರನ್ನು ಅಲ್ಲಲ್ಲಿ ಜೋಡಿಸುವುದಕ್ಕಿಂತ ಹೊಸ ವೈರಿಂಗ್ ಎಳೆದು ಪ್ರತಿ ಸಾಲಿಗೂ ಫ್ಯೂಸ್ ಕೊಡುವುದು ಲೇಸು. ಬೆಂಕಿಯ ಭಯ ಕಡಿಮೆಯಾಗುತ್ತದೆ.

ಮೂರನೆಯ ವರ್ಷ ಬಣ್ಣ, ಹುಡ್, ಸೀಟು, ಟೈರು. ಟೈರನ್ನು ಕೊನೆಗೆ ಕೊಳ್ಳುವುದಕ್ಕೆ ಕಾರಣವಿದೆ: ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಅಂಗಡಿಯಲ್ಲೇ ಅದನ್ನು ಓದಿ ಕೊಳ್ಳಬೇಕು.

ಬಿಡಿಭಾಗಕ್ಕೆ ಹುಬ್ಬಳ್ಳಿ, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18. ಪೇಟೆಗೆ ಹೋಗುವಾಗ ಹಳೆ ಪಾರ್ಟನ್ನೇ ಚೀಲದಲ್ಲಿ ಒಯ್ಯುವುದು ವಾಡಿಕೆ. ಒಂದೇ ಹೆಸರಿನ ಜೀಪಿನಲ್ಲೂ ವರ್ಷಕ್ಕೊಂದು ಅಳತೆ ಇರುವುದರಿಂದ ಹೆಸರು ಹೇಳಿ ತಂದದ್ದು ಕೂರುತ್ತದೆಂಬ ಖಾತ್ರಿಯಿಲ್ಲ.

ಸುಧಾರಣೆಯ ಗಡಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ. ಬೇರೆ ಗಾಡಿಯ ಎಂಜಿನ್ ಕೂರಿಸುವುದು, ಚಾಸಿ ಉದ್ದ ಮಾಡುವುದು, ಸೀಟು ಹೆಚ್ಚಿಸುವುದು, ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಬಿಗಿಯುವುದು ಇದರೊಳಗೆ ಬರುತ್ತವೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ಹುಡುಕುವುದೂ ಇದನ್ನೇ. ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್, ಡೈನಮೊ ಬದಲು ಆಲ್ಟರ್ನೇಟರ್, ಸೀಟ್ ಬೆಲ್ಟು, ಒಳ್ಳೆಯ ಹೆಡ್‌ಲೈಟು ಇಂಥವು ಆರ್‌ಸಿಯಲ್ಲಿ ಬರೆದ ವಿವರವನ್ನು ಮುಟ್ಟುವುದಿಲ್ಲ. ಇವುಗಳನ್ನೂ ಮಾಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ಒಂದು ಮಾತು ಕೇಳುವುದು ಕ್ಷೇಮ. ಹಣ ಮೊದಲು ಹರಿಯಬೇಕಾದದ್ದು ಈ ದಿಕ್ಕಿಗೆ.

ಒಂದು ಜೀಪಿನ ಲೆಕ್ಕ

ಅಂಕಣಕಾರನ ಮನೆಯಲ್ಲಿ ಸೌದೆ ಕೊಟ್ಟಿಗೆ ಖಾಲಿ ಮಾಡಿ ಕಟ್ಟಿದ ಎಂಎಂ 540ರ ಲೆಕ್ಕಪುಸ್ತಕ ಹೀಗಿದೆ. ಕೊಂಡ ಬೆಲೆ 1,60,000 ರೂಪಾಯಿ. ಚಾಸಿ ವೆಲ್ಡಿಂಗ್ 18,000, ಬ್ರೇಕು 14,500, ಕಿಂಗ್ ಪಿನ್ ಮತ್ತು ಸ್ಟೇರಿಂಗ್ 12,500, ಕಾಗದಪತ್ರ, ವಿಮೆ, ಸಾಗಾಟ 27,000. ಎಂಜಿನ್ 58,000, ತಗಡಿನ ಕೆಲಸ 65,000, ವೈರಿಂಗ್ 9,000. ಬಣ್ಣ 38,000, ಹುಡ್ ಮತ್ತು ಸೀಟು 26,000, ಐದು ಟೈರು 33,500. ಇಷ್ಟಕ್ಕೆ 3,01,500.

ಇದರಾಚೆ ಎರಡು ಸಾಲುಗಳಿವೆ. ಸಾಮಾನ್ಯವಾಗಿ ಯಾರೂ ಬರೆದಿಡದ ಸಾಲುಗಳು ಇವೇ. ಮೊದಲನೆಯದು ಉಪಕರಣ: ಜಾಕು, ಸ್ಪ್ಯಾನರ್ ಸೆಟ್ಟು, ಚೈನ್ ಪುಲ್ಲಿ, ಗ್ರೈಂಡರ್ ಸೇರಿ 21,000. ಎರಡನೆಯದು ವ್ಯರ್ಥವಾದದ್ದು: 34,000. ಅದರಲ್ಲಿ 19,000 ಆಷಾಢದಲ್ಲಿ ಅವಸರಪಟ್ಟು ಹೊಡೆಸಿದ ಬಣ್ಣದ್ದು. ಮಬ್ಬು ಕೂತ ಅದನ್ನು ಕೆರೆದು, ಮುಂದಿನ ಬೇಸಿಗೆಯಲ್ಲಿ ಹೊಸದಾಗಿ ಹೊಡೆಸಬೇಕಾಯಿತು. ಉಳಿದ 15,000 ಒಂದು ಲೇತ್ ಅಂಗಡಿಯಲ್ಲಿ ಅಳತೆ ತಪ್ಪಿ ಕೆಟ್ಟ ಲೈನರ್ ಸೆಟ್ಟಿನದು. ಲಿಖಿತ ರಸೀದಿ ಕೇಳದೆ ಕೊಟ್ಟಿದ್ದರಿಂದ ವಾಪಸು ಕೇಳಲು ಆಧಾರವಿರಲಿಲ್ಲ.

ಕೊಂಡ ಬೆಲೆ ಬಿಟ್ಟು ಕೆಲಸಕ್ಕೆ ಹಾಕಿಕೊಂಡ ಅಂದಾಜು 2,00,000, ಆದದ್ದು 3,56,500. ಎಲ್ಲ ಸೇರಿ 5,16,500. ಮೊದಲ ಕೊಯ್ಲಿನಿಂದ 2,53,000, ಎರಡನೆಯದರಿಂದ 1,66,000, ಮೂರನೆಯದರಿಂದ 97,500 ಹೋಯಿತು. ಮುಗಿದ ಮೇಲೆ ಕೇಳಿ ಬಂದ ಗಿರಾಕಿ ಹೇಳಿದ ಬೆಲೆ 3,80,000. ಬಿಚ್ಚುವುದು, ತೊಳೆಯುವುದು, ಬ್ರೇಕು, ವೈರಿಂಗ್, ಅಡಿಭಾಗದ ಬಣ್ಣ ಮನೆಯಲ್ಲೇ ಆದವು. ಗ್ಯಾರೇಜಿನ ಕೂಲಿಯಲ್ಲಿ ಅದು 60,000ದ ಆಸುಪಾಸು. ಉಪಕರಣದ ಹಣ ಮತ್ತು ವ್ಯರ್ಥವಾದದ್ದನ್ನು ಕಳೆದರೆ ಮನೆಕೆಲಸದ ನಿಜವಾದ ಉಳಿತಾಯ 5,000 ಮಾತ್ರ. ವ್ಯರ್ಥವಾದ ಸಾಲು ಇಲ್ಲದಿದ್ದರೆ ಅದು 39,000 ಆಗುತ್ತಿತ್ತು. ಮನೆಯಲ್ಲಿ ಮಾಡಿದ ಕೆಲಸದ ಲಾಭ ಉಳಿಯುವುದು ಸರದಿ ತಪ್ಪದಿದ್ದಾಗ.

ಸಾಲ ಮತ್ತು ವರ್ಷದ ಖರ್ಚು

ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಜೀಪಿಗೆ ಹಣ ಹುಡುಕುವವರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಅದು ಬೆಳೆಗೆಂದು ಕೊಟ್ಟ ಹಣ. ಬಡ್ಡಿ ಶೂನ್ಯವಾಗುವುದೂ ಗಡುವಿನೊಳಗೆ ತೀರಿಸಿದರೆ ಮಾತ್ರ. ಕೊಟ್ಟಿಗೆಯಲ್ಲಿ ಬಿಚ್ಚಿ ನಿಂತ ಜೀಪು ಗಡುವಿಗೆ ಹಣವಾಗಿ ಬದಲಾಗುವುದಿಲ್ಲ. ಚಿನ್ನದ ಸಾಲಕ್ಕೂ ಇದೇ ಮಾತು: ಆದಾಯ ತರದ ವಸ್ತುವಿಗೆಂದು ಒಡವೆ ಅಡವಿಟ್ಟರೆ ಬಡ್ಡಿ ಕಟ್ಟುವುದು ಅಡಿಕೆಯೇ.

ಮುಗಿದ ಜೀಪು ನಿಂತಲ್ಲೇ ನಿಂತರೂ ಖರ್ಚು ಕೇಳುತ್ತದೆ. 1,500 ಸಿಸಿ ಮೀರಿದ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ ವರ್ಷಕ್ಕೆ 7,897 ರೂಪಾಯಿ. ಜಿಎಸ್‌ಟಿ ಸೇರಿದರೆ ಸುಮಾರು 9,300. ನವೀಕರಣ ಶುಲ್ಕವನ್ನು ಐದು ವರ್ಷಕ್ಕೆ ಹಂಚಿದರೆ ಇನ್ನೂ 2,000. ಡೀಸೆಲ್ ಹಾಕುವ ಮೊದಲೇ ವರ್ಷಕ್ಕೆ 11,300. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಒಪ್ಪಿ ನಿರ್ಧರಿಸಬೇಕು. ಕಳವು, ಬೆಂಕಿಗೂ ವಿಮೆ ಬೇಕೆನ್ನುವವರಿಗೆ ಬಿಲ್ಲುಗಳು ಮತ್ತು ಕೆಲಸದ ಫೋಟೊಗಳೇ ಆಧಾರ.

ಮಾರುವ ದಿನವೂ ಆ ಕಡತವೇ ಬೆಲೆ ಕಟ್ಟುತ್ತದೆ. ಬಣ್ಣ ಹೊಳೆಯುವ, ಕಾಗದವಿಲ್ಲದ ಜೀಪಿಗಿಂತ ಬಣ್ಣ ಮಾಸಿದ, ಬಿಲ್ಲು, ಆರ್‌ಸಿ, ವಿಮೆ ಸರಿಯಿರುವ ಜೀಪು ಬೇಗ ಕೈ ಬದಲಾಗುತ್ತದೆ. ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬಂದ ಮೇಲೆ ಲೆಕ್ಕಪುಸ್ತಕ ಮುಚ್ಚಬಹುದು. ಅಲ್ಲಿಯವರೆಗೆ ಆ ಗಾಡಿಯ ಹೊಣೆ ಹಳೆಯ ಮಾಲೀಕನದೇ.