ಹೈಬ್ರಿಡ್ ಕಾರು: ಆಯ್ಕೆಗೆ ಮುನ್ನ ದಾರಿಯ ವಿಚಾರ

ಓಡುವ ಕಾರನ್ನು ತಡೆದಾಗ ಅದರ ಚಲನಶಕ್ತಿ ಏನಾಗುವುದು? ಸಾಮಾನ್ಯ ಕಾರಿನಲ್ಲಿ ಅದು ಬ್ರೇಕಿನ ಘರ್ಷಣೆಯಿಂದ ಉಷ್ಣವಾಗಿ ವ್ಯರ್ಥವಾಗುತ್ತದೆ. ಹೈಬ್ರಿಡ್ ಕಾರಿನಲ್ಲಾದರೋ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಉಂಟು. ತಡೆಯುವಾಗ ಅದು ಡೈನಮೋದಂತೆ ವರ್ತಿಸಿ, ಆ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ತುಂಬುತ್ತದೆ. ಮತ್ತೆ ಹೊರಡುವಾಗ ಅದೇ ನೆರವಿಗೆ ಬರುತ್ತದೆ. ಬಿಡದಿಯಲ್ಲಿ 2022ರಿಂದ ತಯಾರಾಗುತ್ತಿರುವ ಟೊಯೋಟಾ ಹೈರೈಡರ್ ಎಂಬ ಚಿಕ್ಕ ಎಸ್‌ಯುವಿಯ ಹೈಬ್ರಿಡ್ ಮಾದರಿ ಈ ಬಗೆಯದು. ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿಲೋಮೀಟರು ಓಡಿತೆಂಬುದು ಅದರ ಪ್ರಕಟಿತ ಲೆಕ್ಕ.

ಆದರೆ ಗೊಟಗೋಡಿಯಿಂದ ಹೆದ್ದಾರಿ ಹಿಡಿದು ದಿನವೂ ಹಾವೇರಿಗೆ ಹೋಗುವವರಿಗೆ ಬ್ರೇಕು ಒತ್ತುವ ಪ್ರಸಂಗ ವಿರಳ. ವೇಗದಲ್ಲಿ ಗಾಳಿಯ ತಡೆಗೆ ವ್ಯಯವಾದ ಶಕ್ತಿ ಮರಳಿ ದೊರೆಯದು. ಹುಬ್ಬಳ್ಳಿಯ ಪೇಟೆಯಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡುವವರಿಗೇ ಲಾಭ ಹೆಚ್ಚು. ವಾಚಕರೇ, ಹೈಬ್ರಿಡ್ಡಿಗೆ ಹೆಚ್ಚಿನ ಬೆಲೆ ತೆರುವ ಮೊದಲು, ನಿತ್ಯದ ದಾರಿಯಲ್ಲಿ ಎಷ್ಟು ಸಲ ನಿಲ್ಲುವಿರೆಂದು ಎಣಿಸಿ ನೋಡಿರಿ.