ಕೊಳ್ಳುವ ಮೊದಲು ಓದು

ನೋಡಪ್ಪಾ, ಕೈಗೆ ಸಂಬಳ ಬರೋಕೆ ಶುರುವಾಗಿದೆ, ಸೂಪರ್‌ಹೀರೋಗಳು ಮೊದಲ ಸಲ ಕಾಣಿಸಿಕೊಂಡ ಸಂಚಿಕೆಗಳನ್ನು ಕೂಡಿಸಿಡಬೇಕು ಅಂತ ಹೊರಟಿದ್ದೀಯ. ಒಳ್ಳೆಯ ಹವ್ಯಾಸ, ಬೇಡ ಅನ್ನೋದಿಲ್ಲ. ಆದರೆ ದುಡ್ಡು ಎಣಿಸುವ ಮೊದಲು ಆ ಸಂಚಿಕೆಯನ್ನು ಪೂರ್ತಿ ಓದು. ದುಬಾರಿ ಪ್ರತಿಗಳನ್ನು ದರ್ಜೆಯ ಅಂಕ ಹಾಕಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡಿ ಮಾರುತ್ತಾರೆ. ಓದಲು ಅದನ್ನು ಒಡೆದರೆ ಆ ದರ್ಜೆಯೂ ಹೋಯಿತು. ಡಿಸಿ, ಮಾರ್ವೆಲ್ ಎರಡೂ ಕಂಪನಿಗಳು ಇಂಥ ಸಂಚಿಕೆಗಳನ್ನು ಹಳೆಯ ಜಾಹೀರಾತುಗಳ ಸಮೇತ ಮರುಮುದ್ರಿಸಿವೆ. ಅವುಗಳಿಂದಲೇ ಶುರುಮಾಡು.

1938ರ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯನ್ನೇ ತಗೋ. ಬೆಲೆ 10 ಸೆಂಟ್. ಮುಖಪುಟದಲ್ಲಿ ಸೂಪರ್‌ಮ್ಯಾನ್ ಹಸಿರು ಕಾರೊಂದನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ಒಳಗೆ ನೋಡಿದರೆ ಅವನಿಗೆ ಇನ್ನೂ ಹಾರಲು ಬರುವುದಿಲ್ಲ, ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ಜಿಗಿಯುತ್ತಾನೆ, ಅಷ್ಟೇ. ಬೇರೆ ಗ್ರಹದ ಖಳರೂ ಇಲ್ಲ. ತಪ್ಪು ಮಾಡದ ಹೆಂಗಸೊಬ್ಬಳಿಗೆ ಮರಣದಂಡನೆ ಆಗುವುದರಲ್ಲಿದೆ. ಅದನ್ನು ತಪ್ಪಿಸಲು ರಾತ್ರೋರಾತ್ರಿ ಉಕ್ಕಿನ ಬಾಗಿಲು ಕಿತ್ತು ಗವರ್ನರ್ ಮಲಗಿದ್ದಲ್ಲಿಗೇ ನುಗ್ಗುತ್ತಾನೆ. ಹೆಂಡತಿಗೆ ಹೊಡೆಯುತ್ತಿದ್ದವನನ್ನು ಎತ್ತಿ ಗೋಡೆಗೆ ಎಸೆಯುತ್ತಾನೆ. ಕೊನೆಗೆ, ಸೆನೆಟರ್ ಒಬ್ಬನನ್ನು ಬುಟ್ಟಿಗೆ ಹಾಕಿಕೊಂಡ ದಲ್ಲಾಳಿಯ ಬೆನ್ನು ಹತ್ತುತ್ತಾನೆ. ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ನರಳುತ್ತಿದ್ದ ಕಾಲ ಅದು. ಕ್ಲೀವ್‌ಲ್ಯಾಂಡ್‌ನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ತಮ್ಮ ಸುತ್ತಲಿನ ಅನ್ಯಾಯಕ್ಕೆ ಎದುರು ನಿಲ್ಲುವವನೊಬ್ಬನನ್ನು ಬರೆದರು. ಅವನ ಮೇಲಿನ ಹಕ್ಕನ್ನೆಲ್ಲ ಅವರು ಬರೆದುಕೊಟ್ಟದ್ದು ಬರೀ 130 ಡಾಲರಿಗೆ. ಪಿಂಚಣಿ ಸಿಕ್ಕಿ, ಅವರ ಹೆಸರು ಮತ್ತೆ ಅಚ್ಚಾಗುವ ಒಪ್ಪಂದವಾಗಲು 1975 ಬರಬೇಕಾಯಿತು. ಈಗ ಅದೇ ಸಂಚಿಕೆ ಕೋಟಿಗಟ್ಟಲೆಗೆ ಮಾರಾಟವಾದಾಗ ನನಗೆ ಮೊದಲು ನೆನಪಾಗುವುದು ಆ 130 ಡಾಲರ್.

ಬ್ಯಾಟ್‌ಮ್ಯಾನ್ ಕಥೆಯಂತೂ ಇನ್ನೂ ಸಂಕಟದ್ದು. 1939ರ 'ಡಿಟೆಕ್ಟಿವ್ ಕಾಮಿಕ್ಸ್' 27ನೇ ಸಂಚಿಕೆಯ ಕಥೆ ಬರೆದವನು ಬಿಲ್ ಫಿಂಗರ್. ಹೆಸರು ಬಂದದ್ದು ಬಾಬ್ ಕೇನ್ ಒಬ್ಬನದೇ. ಸೃಷ್ಟಿಯಲ್ಲಿ ಫಿಂಗರ್ ಪಾಲನ್ನು ಕಂಪನಿ ಒಪ್ಪಿ ಹೆಸರು ಹಾಕಿದ್ದು 2015ರಲ್ಲಿ, ಅವನು ತೀರಿಕೊಂಡು 41 ವರ್ಷವಾದ ಮೇಲೆ. ನಿನ್ನ ಸಂಗ್ರಹದ ಪಟ್ಟಿಯಲ್ಲಿ ಪ್ರತಿ ಸಂಚಿಕೆಯ ಪಕ್ಕದಲ್ಲಿ ಬರೆದವರ, ಚಿತ್ರ ಬಿಡಿಸಿದವರ ಹೆಸರೂ ಇರಲಿ.

ಓದುವ ಅಭ್ಯಾಸ ಜೇಬನ್ನೂ ಕಾಯುತ್ತದೆ. 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯನ್ನು ಡಿಸಿಯವರೇ 1974ರಲ್ಲಿ ದೊಡ್ಡ ಅಳತೆಯಲ್ಲಿ ಮತ್ತೆ ಅಚ್ಚು ಹಾಕಿದ್ದರು. ಅದರ ಹೊರಗಿನ ರಟ್ಟು ಕಿತ್ತು, ಅಸಲಿ ಪ್ರತಿ ಎಂದು ನಂಬಿಸಿ ಮಾರಿದವರಿದ್ದಾರೆ. ಆದ್ದರಿಂದ ಮೊದಲು ಅಳತೆ ಕೇಳು.

ಇನ್ನು ನೀನು ಆಸೆಪಟ್ಟಿರುವ ವುಲ್ವರೀನ್. ಅವನು ಮೊದಲು ಮುಖ ತೋರಿಸಿದ್ದು 1974ರ 'ಇನ್‌ಕ್ರೆಡಿಬಲ್ ಹಲ್ಕ್' 180ನೇ ಸಂಚಿಕೆಯ ಕಡೆಯ ಚೌಕದಲ್ಲಿ. ಮೈಕೈ ಬಳಸಿ ಹೊಡೆದಾಡುವುದು 181ರಲ್ಲಿ, ಹೆಚ್ಚು ಬೆಲೆಯೂ ಅದಕ್ಕೇ. ಆ 181ರ ಒಳಗೆ ಮಕ್ಕಳು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಲೆಂದು ಮಾರ್ವೆಲ್‌ನವರು ಒಂದು ಸ್ಟಾಂಪ್ ಅಚ್ಚು ಹಾಕಿದ್ದರು. ಎಷ್ಟೋ ಮಕ್ಕಳು ಕತ್ತರಿ ಆಡಿಸಿಯೇಬಿಟ್ಟರು. ಹೊರಗಿನಿಂದ ನೋಡಿದರೆ ಪ್ರತಿ ಹೊಸದರಂತೆ ಇರುತ್ತದೆ, ಒಳಗಿನ ಪುಟದಲ್ಲಿ ಕಿಂಡಿ. ಬೆಲೆ ಅಲ್ಲೇ ಬಿತ್ತು. ಸೀಲ್ ಆಗದ ಪ್ರತಿಯಾದರೆ, ಮಾರುವವರಿಂದ ಆ ಪುಟದ ಫೋಟೋ ತರಿಸಿಕೊಳ್ಳದೆ ಮುಂಗಡ ಕಳಿಸಬೇಡ.