‘ಚಕ್ಕರ್’ ಎಂದರೆ ಯಾವ ಚಕ್ಕರ್?

ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆಲ್ಲ ಒಂದೇ ಮಾತು, ಚಕ್ಕರ್. ಬಿಸಿಲಿನಲ್ಲಿ ನಿಂತು ಕಣ್ಣು ಕತ್ತಲೆ ಬಂದರೂ ಚಕ್ಕರ್, ಮಲಗಿದ ಮಂಚ ಗಿರಗಿರನೆ ತಿರುಗಿದರೂ ಚಕ್ಕರ್, ಬಸ್ಸಿನಲ್ಲಿ ಹೊಟ್ಟೆ ತೊಳಸಿದರೂ ಚಕ್ಕರ್. ಕನ್ನಡದಲ್ಲಿ ಕಣ್ಣು ಕತ್ತಲೆ ಬರುವುದು, ತಲೆ ತಿರುಗುವುದು, ಬವಳಿ ಬರುವುದು ಎಂದು ಬೇರೆ ಬೇರೆ ಮಾತುಗಳಿವೆ. ಆದರೆ ಡಾಕ್ಟರ ಮುಂದೆ ಕುಳಿತಾಗ ಕನ್ನಡದವರೂ ‘ತಲೆಸುತ್ತು ಸಾರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಯೇ. ತಲೆ ಹಗುರಾಗಿ ಬೀಳುವಂತಾಗುವುದಕ್ಕೂ ಕೋಣೆಯೇ ಸುತ್ತಿದಂತಾಗುವುದಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ನಾನು ಓದುತ್ತಿರುವುದು ಕಾಮರ್ಸ್. ಆದರೂ ಮನೆಯಲ್ಲಿ ಒಬ್ಬರು ಎರಡು ತಿಂಗಳು ಇದರಿಂದ ಒದ್ದಾಡಿದ ಮೇಲೆ ಈ ವಿಷಯ ಓದಿ ತಿಳಿದುಕೊಂಡೆ.

ಮೊದಲು ನಮ್ಮ ಮೈದಾನದ ಚಕ್ಕರ್. ಬೆಳಗಿನ ಪ್ರಾರ್ಥನೆಯಲ್ಲೋ ಆಗಸ್ಟ್ 15ರ ಉದ್ದ ಭಾಷಣದ ನಡುವೆಯೋ ಸಾಲಿನಲ್ಲಿ ಒಬ್ಬರು ಕುಸಿಯುತ್ತಾರೆ. ಹಿಂದಿನಿಂದ ಯಾರೋ ‘ನಾಟಕ’ ಎಂದು ಪಿಸುಗುಡುತ್ತಾರೆ. ಅದು ನಾಟಕವಲ್ಲ. ನಾವು ಎದ್ದು ನಿಂತಾಗ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಅದನ್ನು ಮೇಲಕ್ಕೆ ತಳ್ಳುವುದರಲ್ಲಿ ಮೀನಖಂಡದ ಸ್ನಾಯುಗಳು ಪಂಪಿನಂತೆ ಕೆಲಸ ಮಾಡುತ್ತವೆ. ಅಲುಗಾಡದೆ ‘ಸಾವಧಾನ್’ನಲ್ಲಿ ನಿಂತರೆ ಆ ಪಂಪು ಬಂದ್. ಇದರ ಮೇಲೆ ಬಿಸಿಲು, ಖಾಲಿ ಹೊಟ್ಟೆ, ಕೆಟ್ಟ ನಿದ್ದೆ ಸೇರಿದರೆ ರಕ್ತದೊತ್ತಡ ಇಳಿಯುತ್ತದೆ, ನಾಡಿಯೂ ನಿಧಾನವಾಗುತ್ತದೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕಪ್ಪಾಗುತ್ತದೆ.

ಬಿದ್ದವರನ್ನು ನಾವು ಮಾಡುವುದೇನು? ತಕ್ಷಣ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತೇವೆ. ಇದು ಸರಿಯಲ್ಲ. ಮಲಗಿದರೆ ರಕ್ತ ತಾನಾಗಿ ತಲೆಗೆ ತಲುಪುತ್ತದೆ. ಆದ್ದರಿಂದ ಅಲ್ಲೇ ಅಂಗಾತ ಮಲಗಿಸಿ, ಎರಡೂ ಕಾಲನ್ನು ಬ್ಯಾಗಿನ ಮೇಲೆ ಎತ್ತಿ ಇಡಬೇಕು. ಕೊರಳಿನ ಗುಂಡಿ, ಬಿಗಿಯಾದ ಹಿಜಾಬಿನ ಪಿನ್ನು ಸಡಿಲಿಸಬೇಕು, ಸುತ್ತ ನಿಂತವರನ್ನು ದೂರ ಕಳಿಸಬೇಕು. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬಾರದು. ಚಪ್ಪಲಿ ಮೂಸಿಸುವುದು, ಕೈಗೆ ಬೀಗದಕೈ ಕೊಡುವುದು, ಇವುಗಳಿಂದ ಏನೂ ಪ್ರಯೋಜನವಿಲ್ಲ. ಒಂದೆರಡು ನಿಮಿಷದಲ್ಲಿ ಎಚ್ಚರ ಬಾರದಿದ್ದರೆ 108ಕ್ಕೆ ಕರೆ ಮಾಡಬೇಕು. ಬೀಳುವ ಮೊದಲು ದೇಹ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ: ತಣ್ಣನೆಯ ಬೆವರು, ಆಕಳಿಕೆ, ಶಬ್ದ ದೂರದಿಂದ ಬಂದಂತೆ ಕೇಳುವುದು. ಆಗ ಮರ್ಯಾದೆ ನೋಡದೆ ಅಲ್ಲೇ ಕೂತುಬಿಡಿ. ಕೂರಲು ಆಗದಿದ್ದರೆ ಕಾಲನ್ನು ಕತ್ತರಿಯಂತೆ ಅಡ್ಡ ಹಾಕಿ ತೊಡೆಯನ್ನು ಬಿಗಿ ಹಿಡಿಯಿರಿ.

ಹುಡುಗಿಯರಲ್ಲಿ ಇದರ ಹಿಂದೆ ಇನ್ನೊಂದು ಕಾರಣ ಅಡಗಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹತ್ತು ಹುಡುಗಿಯರ ಬೆಂಚುಸಾಲಿನಲ್ಲಿ ಸುಮಾರು ಆರು ಮಂದಿ ಎಂದು ಲೆಕ್ಕ ಹಾಕಿ. ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದ ಕೂಡಲೇ ಕಣ್ಣು ಮಂಜು, ಸದಾ ಸುಸ್ತು ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಹುಡುಗಿಯರಿಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಮಾತ್ರೆ ಇದಕ್ಕೇ. ಅದನ್ನು ಕಿಟಕಿಯಿಂದ ಎಸೆದವರು ಯಾರೆಂದು ಇಲ್ಲಿ ಬರೆಯುವುದಿಲ್ಲ! ಊಟ ಮುಗಿದ ಕೂಡಲೇ ಚಹಾ ಕುಡಿಯುವ ನಮ್ಮ ಮನೆಗಳ ರೂಢಿಯೂ ಒಳ್ಳೆಯದಲ್ಲ, ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಚಹಾ ತಡೆಯುತ್ತದೆ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಂಡರೆ ಹೆಚ್ಚು ಸೇರುತ್ತದೆ. ತಿಂಗಳ ಸ್ರಾವ ಅತಿಯಾಗಿದ್ದರೆ ನಾಚಿಕೆ ಬಿಟ್ಟು ಅಮ್ಮಿಗೆ ಹೇಳಿ, ಡಾಕ್ಟರರಿಗೂ ಹೇಳಿ.

ಎರಡನೆಯದು ಕಿವಿಯ ಚಕ್ಕರ್. ಕಿವಿ ಇರುವುದು ಕೇಳುವುದಕ್ಕಷ್ಟೇ ಅಲ್ಲ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಅವು ಮಿದುಳಿಗೆ ತಿಳಿಸುತ್ತವೆ. ಕಣ್ಣು ಒಂದು ಲೆಕ್ಕ ಕೊಡುತ್ತದೆ, ಪಾದ ಮತ್ತು ಕುತ್ತಿಗೆಯ ಸ್ನಾಯುಗಳು ಇನ್ನೊಂದು ಕೊಡುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೂರು ಪುಸ್ತಕ, ಒಂದೇ ಟ್ರಯಲ್ ಬ್ಯಾಲೆನ್ಸ್. ಟ್ಯಾಲಿ ಆಗದಿದ್ದರೆ ತಲೆ ತಿರುಗುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಮೊಬೈಲು ನೋಡುತ್ತಾ ಕೂತರೆ ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ, ಅಕ್ಷರ ನಿಂತಲ್ಲೇ ಇದೆ’ ಎನ್ನುತ್ತದೆ. ಮುಂದಿನ ಸೀಟು ಹಿಡಿದು ದೂರದ ರಸ್ತೆ ನೋಡಿದರೆ ಎಷ್ಟೋ ವಾಸಿ.

ನಮ್ಮ ನಾನಿಗೆ ಆದದ್ದು ಬೇರೆ. ಒಂದು ದಿನ ಫಜರ್‌ಗೆ ಏಳಲು ಬಲಕ್ಕೆ ಹೊರಳಿದರು, ಛಾವಣಿ ಬುಗುರಿಯಂತೆ ಸುತ್ತಿತು. ಅರ್ಧ ನಿಮಿಷದಲ್ಲಿ ನಿಂತಿತು. ಸಜ್ದಾಕ್ಕೆ ಬಾಗಿದರೆ ಮತ್ತೆ ಅದೇ. ಬಿಪಿ ಎಂದರು, ಗ್ಯಾಸ್ ಎಂದರು, ಕುತ್ತಿಗೆ ಮೂಳೆ ಸವೆದಿದೆ ಎಂದರು. ಪಕ್ಕದ ಮನೆಯ ಖಾಲಾ ನಜರ್ ಎಂದು ಮೆಣಸಿನಕಾಯಿ ಇಳಿತೆಗೆದರು. ದಿನಾ ಮಾತ್ರೆ ನುಂಗಿ ಮಂಪರು ಬಂತೇ ವಿನಾ ಸುತ್ತು ಹೋಗಲಿಲ್ಲ. ನಾನಿಗೆ ಹೆಚ್ಚು ನೋವಾದದ್ದು ಸುತ್ತಿನಿಂದಲ್ಲ, ನೆಲಕ್ಕೆ ಹಣೆ ಮುಟ್ಟಿಸಲಾಗದೆ ಕುರ್ಚಿಯಲ್ಲಿ ನಮಾಜು ಮಾಡಬೇಕಾಯಿತಲ್ಲ, ಅದರಿಂದ.

ಕೊನೆಗೆ ಕಿವಿ, ಮೂಗು, ಗಂಟಲಿನ ಡಾಕ್ಟರರು ಮೂರೇ ಪ್ರಶ್ನೆ ಕೇಳಿದರು. ಸುತ್ತುತ್ತದೆಯೋ, ಕತ್ತಲೆ ಬರುತ್ತದೆಯೋ? ಎಷ್ಟು ಹೊತ್ತು? ಏನು ಮಾಡಿದಾಗ? ಆಮೇಲೆ ತಲೆಯನ್ನು ಒಂದು ಕಡೆಗೆ ತಿರುಗಿಸಿ ಸರ್ರನೆ ಮಲಗಿಸಿ ಕಣ್ಣುಗುಡ್ಡೆ ಹೇಗೆ ಅದುರುತ್ತದೆ ಎಂದು ನೋಡಿದರು. ನಮ್ಮ ಒಳಗಿವಿಯ ಒಂದು ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುತ್ತವೆ. ಮೊಟ್ಟೆಯ ಚಿಪ್ಪಿನಲ್ಲಿರುವುದೂ ಇದೇ ವಸ್ತು. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಅವು ಕಳಚಿ ನಾಳದೊಳಗೆ ಜಾರುತ್ತವೆ. ತಲೆ ಬಾಗಿಸಿದಾಗ ಹರಳು ಉರುಳಿ ದ್ರವವನ್ನು ಕಲಕುತ್ತದೆ, ಮಿದುಳು ತಲೆ ತಿರುಗಿತು ಎಂದುಕೊಳ್ಳುತ್ತದೆ. ಇದರ ಹೆಸರು ಬಿಪಿಪಿವಿ. ಇದರಲ್ಲಿ ಒಂದೊಂದು ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಒಳಗಿವಿಯ ಸಮತೋಲನದ ಬಗ್ಗೆ ಕೆಲಸ ಮಾಡಿ 1914ರ ನೊಬೆಲ್ ಪಡೆದ ರಾಬರ್ಟ್ ಬರಾನಿ 1921ರಲ್ಲೇ ಈ ರೋಗವನ್ನು ವರ್ಣಿಸಿದ್ದರು. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ ಕಂಡುಹಿಡಿದ, 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಅದರ ಜಾಗಕ್ಕೆ ಮರಳಿಸುತ್ತಾರೆ. ಹತ್ತು ನಿಮಿಷವೂ ಬೇಡ. ನಾನಿಗೆ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕಾಯಿತು, ಅಷ್ಟೇ. ಇದನ್ನು ವಿಡಿಯೋ ನೋಡಿ ಮನೆಯಲ್ಲೇ ಶುರು ಮಾಡಬೇಡಿ. ಯಾವ ಕಿವಿ, ಯಾವ ನಾಳ ಎಂದು ಮೊದಲು ಗೊತ್ತಾಗಬೇಕು.

ರಮಜಾನಿನಲ್ಲಿ ಎರಡೂ ಬಗೆಯ ಚಕ್ಕರ್ ಸೇರಿಸಿ ಗೊಂದಲ ಮಾಡಿಕೊಳ್ಳುತ್ತೇವೆ. ಸಹರಿ ಬಿಟ್ಟು ಮಲಗಿದವರಿಗೆ ಮಧ್ಯಾಹ್ನ ಎದ್ದಾಗ ಕಣ್ಣು ಕತ್ತಲೆ ಬಂದರೆ ಅದು ನೀರು ಕಡಿಮೆಯಾದದ್ದು. ಇಫ್ತಾರ್‌ನಲ್ಲಿ ಹೊಟ್ಟೆ ಬಿರಿಯೆ ತಿಂದು ತರಾವೀಹ್‌ಗೆ ನಿಂತರೆ ರಕ್ತ ಹೊಟ್ಟೆಯ ಕಡೆ ಹೋಗಿ ಮತ್ತೆ ಅದೇ ಆಗಬಹುದು. ರಾತ್ರಿ ಸ್ವಲ್ಪ ಸ್ವಲ್ಪವೇ ನೀರು ಕುಡಿಯುತ್ತಿರಬೇಕು, ಸಜ್ದಾದಿಂದ ನಿಧಾನ ಏಳಬೇಕು. ಸಕ್ಕರೆ ಕಾಯಿಲೆಯ ಹಿರಿಯರು ಉಪವಾಸವಿದ್ದಾಗ ನಡುಕ, ಬೆವರು, ತಲೆಸುತ್ತು ಬಂದರೆ ಸಕ್ಕರೆ ಪರೀಕ್ಷಿಸಬೇಕು. 70ಕ್ಕಿಂತ ಕೆಳಗಿದ್ದರೆ ಮಗ್ರಿಬ್ ತನಕ ಕಾಯದೆ ರೋಜಾ ಬಿಡಬೇಕು. ಕಾಯಿಲೆಯವರಿಗೆ ದೀನ್‌ನಲ್ಲೇ ಆ ರಿಯಾಯಿತಿ ಇದೆ, ಕುಳಿತು ನಮಾಜು ಮಾಡುವ ರಿಯಾಯಿತಿಯೂ ಇದೆ.

ಇನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದ ಚಕ್ಕರ್. ತಲೆಸುತ್ತಿನ ಜೊತೆ ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನಿಲ್ಲಲೂ ಆಗದಿರುವುದು, ಹಿಂದೆಂದೂ ಬಾರದಂಥ ತಲೆನೋವು, ಎದೆನೋವು. ಇವುಗಳಲ್ಲಿ ಒಂದಿದ್ದರೂ ಮಾತ್ರೆ ಹುಡುಕುತ್ತಾ ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಓಡುವಾಗ, ಆಡುವಾಗ ಕಣ್ಣು ಕತ್ತಲೆ ಬಂದು ಬಿದ್ದರೆ ಹೃದಯವನ್ನು ಪರೀಕ್ಷೆ ಮಾಡಿಸಲೇಬೇಕು, ವಯಸ್ಸು ಹದಿನೇಳೇ ಇರಲಿ.

ಉಳಿದದ್ದಕ್ಕೆ ಡಾಕ್ಟರರ ಬಳಿ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಆ ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಅಜ್ಜ, ಅಜ್ಜಿಯರನ್ನು ಕರೆದುಕೊಂಡು ಹೋಗುವುದಾದರೆ ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಕೆಲವೊಮ್ಮೆ ಬಿಪಿ ಮಾತ್ರೆಯ ಪ್ರಮಾಣವೇ ಕಾರಣವಿರುತ್ತದೆ. ಅದನ್ನು ಕಡಿಮೆ ಮಾಡುವ ಕೆಲಸ ಡಾಕ್ಟರದು, ನಮ್ಮದಲ್ಲ.